ಉಂಡ ನಾಡಿನ ಋಣ



ದಾನವು ಕೊಡುವವನ ಇಚ್ಛೆಗೆ ಸೇರಿದುದು. ಋಣವಾದರೋ ಯಾರ ಇಚ್ಛೆಯನ್ನೂ ಕೇಳುವುದಿಲ್ಲ. ಪರನಾಡಿನಲ್ಲಿ ಅತಿಥಿಯಾಗಿ ಉಂಡ ಅನ್ನವು ಈ ಎರಡನೆಯದಕ್ಕೆ ಸೇರಿದುದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನಮ್ಮ ಭಕ್ತರೊಬ್ಬರು ಯೌವನದಲ್ಲಿ ನೇಪಾಳದ ಗೋರ್ಖಾ ಜಿಲ್ಲೆಯ ಬೆಟ್ಟದ ಹಳ್ಳಿಯೊಂದರಲ್ಲಿ ಆರು ವರ್ಷ ಉಪಾಧ್ಯಾಯರಾಗಿದ್ದರು. ರೈತನೊಬ್ಬನ ಮನೆಯಲ್ಲಿ ಅವರಿಗೆ ಊಟ, ವಸತಿ. ಅಲ್ಲಿಯ ಜನ 'ಕೋದೋ' ಎನ್ನುವುದು ನಮ್ಮ ರಾಗಿಯನ್ನೇ. ಅದರ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಮಾಡುವ 'ಢಿಂಡೋ' ನಮ್ಮ ಮುದ್ದೆಯ ಒಡಹುಟ್ಟು. ಇವರ ಲಿಂಗಪೂಜೆ ಮುಗಿಯುವವರೆಗೂ ಆ ಮನೆಯೊಡತಿ ಒಲೆಯ ಮುಂದೆ ಕಾದಿರುತ್ತಿದ್ದಳಂತೆ. ಇದೆಂತಹ ಪೂಜೆಯೆಂದು ಒಂದು ದಿನವೂ ಕೇಳಿದವಳಲ್ಲ.

2015ರ ಏಪ್ರಿಲ್ 25ರಂದು ಅದೇ ಜಿಲ್ಲೆಯ ಬಾರ್ಪಾಕ್ ಗ್ರಾಮದ ಸಮೀಪ ಭೂಮಿ ನಡುಗಿತು. ಕಂಪದ ಪ್ರಮಾಣ 7.8. ಮೇ 12ರಂದು ಮತ್ತೊಂದು ದೊಡ್ಡ ಕಂಪ. ಸುಮಾರು 9,000 ಜನ ಮಡಿದರು. ಐದು ಲಕ್ಷದಷ್ಟು ಮನೆಗಳು ನೆಲಸಮವಾದವು. ಕಲ್ಲನ್ನು ಬರಿಯ ಮಣ್ಣಿನಿಂದ ಕೂಡಿಸಿ ಎತ್ತಿದ ಗೋಡೆ ಚಳಿಯನ್ನು ತಡೆದೀತು, ಅಲುಗಾಟವನ್ನು ತಡೆಯಲಾರದು. ಅಂದು ಶನಿವಾರ, ಆ ದೇಶದ ವಾರದ ರಜೆ. ಆದುದರಿಂದ ಸಾವಿರಾರು ಶಾಲೆಯ ಕೊಠಡಿಗಳು ಮಕ್ಕಳಿಲ್ಲದೆಯೇ ಕುಸಿದವು. ನಮ್ಮ ಭಕ್ತರು ಪಾಠ ಹೇಳಿದ ಕೊಠಡಿಯೂ ಹಾಗೆಯೇ ಬಿದ್ದಿತು.

ಅವರು ವೃದ್ಧಾಪ್ಯಕ್ಕೆಂದು ಕೂಡಿಟ್ಟ ಹಣದ ಅರ್ಧವನ್ನು ಅಲ್ಲಿಗೆ ಮುಟ್ಟಿಸಲು ಹೊರಟಾಗ ಹಿರಿಯ ಮಗನು ತಡೆದನು. "ಅಪ್ಪಾ, 2009ರ ನೆರೆಯಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಬೀದಿಪಾಲಾದಾಗ ಇಷ್ಟು ಕೊಟ್ಟಿದ್ದಿರಾ?" ತಂದೆಗೆ ಉತ್ತರ ಹೊಳೆಯಲಿಲ್ಲ. ಮಠಕ್ಕೆ ಬಂದು, "ಬುದ್ಧೀ, ನಾನೇನು ಮಾಡಲಿ?" ಎಂದರು.

ಮಗನ ಮಾತು ಹಗುರವಾದುದಲ್ಲ. ನೆರೆಮನೆಯ ಹಸಿವನ್ನು ಮರೆತು ದೂರದ ಪುಣ್ಯವನ್ನು ಅರಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ನೆರೆಗೆ ಕೊಡಬೇಕಾದುದು ನಾಡಿನವರೆಲ್ಲರೂ ಕೂಡಿ ಹೊರಬೇಕಾದ ಹೊಣೆ. ಆ ಒಲೆಯ ಮುಂದೆ ಉಂಡವರು ಇವರೊಬ್ಬರೇ. ಅದನ್ನು ಇವರ ಪರವಾಗಿ ತೀರಿಸುವವರು ಯಾರು? ಕಾಶ್ಮೀರದ ಸಿರಿಯನ್ನು ತೊರೆದು ಬಂದ ಮೋಳಿಗೆಯ ಮಾರಯ್ಯನವರನ್ನು ಕಲ್ಯಾಣವು, ಸೌರಾಷ್ಟ್ರದ ಆದಯ್ಯನವರನ್ನು ಪುಲಿಗೆರೆಯು ಬರಮಾಡಿಕೊಂಡುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಆತಿಥ್ಯ ಕೊಟ್ಟವರ ಹೆಮ್ಮೆ. ಬಂದ ಮಾರಯ್ಯನವರು ಮಾಡಿದುದೇನು? ಕಟ್ಟಿಗೆ ಹೊತ್ತು ಮಾರಿ, ತಮಗೆ ಎಡೆಯಿತ್ತ ಆ ನೆಲದಲ್ಲಿಯೇ ದಾಸೋಹ ನಡೆಸಿದರು. ನಮ್ಮವರೂ ನೇಪಾಳದ ಅನ್ನವನ್ನು ಇಂದು ನೆನ್ನೆಯಿಂದ ಉಂಡವರಲ್ಲ. ಭಕ್ತಪುರದಲ್ಲಿ ಜಂಗಮಮಠವಿದೆ, ಪಶುಪತಿನಾಥನ ಪ್ರಧಾನ ಅರ್ಚಕರು ಕನ್ನಡನಾಡಿನಿಂದ ಹೋದ ಭಟ್ಟರು.

ಕೊಡುವ ಬಗೆಯನ್ನು ಕುರಿತೂ ಒಂದು ಮಾತು ಹೇಳಿದೆವು. ಅನ್ನವಿಟ್ಟವರನ್ನು ಕನಿಕರದಿಂದ ನೋಡಬಾರದು. ಅಲ್ಲಿಯ ಸರಕಾರವು ಮನೆಯೊಂದಕ್ಕೆ ಮೂರು ಲಕ್ಷ ನೇಪಾಳಿ ರೂಪಾಯಿಯನ್ನು ಕಂತುಗಳಲ್ಲಿ ಕೊಟ್ಟಿತು, ಕಟ್ಟಿಕೊಂಡವರು ಮನೆಯವರೇ. ಅದೇ ವರ್ಷ ದಕ್ಷಿಣದ ಗಡಿಯಲ್ಲಿ ಸರಕು ನಿಂತುಹೋಗಿ, ಚಳಿಗಾಲದಲ್ಲಿ ಉರುವಲಿಗೂ ಔಷಧಕ್ಕೂ ತತ್ವಾರವಾಯಿತು. ಅದಕ್ಕೆ ಭಾರತವೇ ಕಾರಣವೆಂದು ಅಲ್ಲಿ ಬಹುಜನರು ನೊಂದುಕೊಂಡರು. ಇಂತಹ ಸಮಯದಲ್ಲಿ ಉಪಕಾರಿಯೆಂಬ ಠೀವಿಯಿಂದ ಹೋಗುವವನಿಗಿಂತ ಹೋಗದಿರುವವನೇ ಲೇಸು. "ಹಣ ಕಳುಹಿಸಿ ಸುಮ್ಮನಿರಬೇಡಿ. ಹೋಗಿ ಆ ಮನೆಯಲ್ಲಿ ಕುಳಿತು ಉಣ್ಣಿರಿ, ಬಳಿಕ ಏನು ಬೇಕೆಂದು ಕೇಳಿರಿ" ಎಂದೆವು.

ಮುಂದಿನ ವರ್ಷ ತಂದೆಮಕ್ಕಳಿಬ್ಬರೂ ಹೋದರು. ರೈತನ ಹೊಸ ಮನೆಯ ಗೋಡೆ ಅರ್ಧಕ್ಕೆ ಏರಿತ್ತು. ಈ ಸಲ ಕಲ್ಲುಗಳ ನಡುವೆ ಸುತ್ತಲೂ ಬಿಗಿಪಟ್ಟಿ ಹಾಕಿದ್ದರು. ಮುದುಕಿಯಾಗಿದ್ದ ಮನೆಯೊಡತಿ ಇವರಿಬ್ಬರೂ ಉಂಡೇಳುವವರೆಗೆ ಹಣದ ಮಾತೆತ್ತಲು ಬಿಡಲಿಲ್ಲ. ಬಳಿಕವೂ ತನಗೆ ಬೇಡವೆಂದು, ಶಾಲೆಯ ಗೋಡೆ ಕಟ್ಟುವ ಗಾರೆಯವರ ಕೂಲಿಗೆ ಕೊಡಿಸಿದಳು.

2023ರ ನವೆಂಬರಿನಲ್ಲಿ ಪಶ್ಚಿಮ ನೇಪಾಳದ ಜಾಜರಕೋಟ ಕಂಪಿಸಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತ ವಾರ್ತೆ ಬಂದಿತು. ತಂದೆಯವರು ಆ ಜಿಲ್ಲೆಯನ್ನು ಎಂದೂ ಕಂಡವರಲ್ಲ. ಮಠಕ್ಕೆ ಬಂದು, ಯಾರ ಮೂಲಕ ಹಣ ಮುಟ್ಟಿಸಬಹುದೆಂದು ವಿಚಾರಿಸಿದವನು ಹಿರಿಯ ಮಗ.