ಖರೇ ಬೇರೆ, ರೆಕಾರ್ಡ್ ಬೇರೆ

ಯಾರೋ ನೋಡ್ತಿದ್ದಾರೆ ಅನ್ನೋ ಕಾರಣಕ್ಕೆ ಒಬ್ಬ ಸುಳ್ಳು ಹೇಳದಿದ್ದರೆ, ಅದನ್ನ ಪ್ರಾಮಾಣಿಕತೆ ಅನ್ನಬಹುದಾ? ದಿನಾ ಬರೆಯೋ ಕೋಡು ನನ್ನ ತಲೆಯಲ್ಲಿ ಬಿಟ್ಟ ಹುಳ ಇದು.

ನಾನು ಕೆಲಸ ಮಾಡೋದು ಕ್ಲಿನಿಕಲ್ ಡೇಟಾ ಸಾಫ್ಟ್‌ವೇರಿನಲ್ಲಿ. ಹೊಸ ಔಷಧಿಯ ಪ್ರಯೋಗದಲ್ಲಿ ಭಾಗವಹಿಸಿದವರ ಬಿಪಿ, ರಕ್ತಪರೀಕ್ಷೆ, ಅಡ್ಡಪರಿಣಾಮ ಎಲ್ಲ ಇದರಲ್ಲಿ ದಾಖಲಾಗುತ್ತವೆ. ಕಾಗದದ ಕಾಲದಲ್ಲಿ ತಪ್ಪಾದ ಅಂಕಿಗೆ ವೈಟ್‌ನರ್ ಹಚ್ಚುವಂತಿರಲಿಲ್ಲ. ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು ಹಾಕಬೇಕಿತ್ತು. ಈಗ ಆ ಕೆಲಸ ಆಡಿಟ್ ಟ್ರೇಲ್‌ನದು. ಯಾರು, ಯಾವಾಗ, ಏನು ಬದಲಿಸಿದರು ಅನ್ನೋದು ಉಳಿಯುತ್ತೆ. ಅಮೆರಿಕದ ಎಫ್‌ಡಿಎ 1997ರಲ್ಲಿ ತಂದ ‘21 ಸಿಎಫ್‌ಆರ್ ಪಾರ್ಟ್ 11’ ನಿಯಮ ಕೇಳೋದು ಇದನ್ನೇ.

ನಮ್ಮ ಕೊಕಟನೂರಿನ ಕಿರಾಣಿ ಅಂಗಡಿಯ ಉದ್ರಿ ವಹಿಗೆ ಪಾಸ್‌ವರ್ಡ್ ಇರಲಿಲ್ಲ. ಬರೆದವನೂ ಕೊಡಬೇಕಾದವನೂ ಮರುದಿನ ಮುಂಜಾನೆ ಎದುರುಬದುರು ಆಗೋರೇ. ತಕರಾರು ಬಂದ್ರ ‘ಯಲ್ಲಮ್ಮನ ಆಣಿ ಮಾಡು’ ಅಂದ್ರ ಮುಗೀತು. ನನ್ನ ಟೇಬಲ್‌ನಲ್ಲಿರೋ ಮನುಷ್ಯನಿಗೆ ಹೆಸರಿಲ್ಲ, ಒಂದು ನಂಬರ್ ಇದೆ. ಅದು ಆತನ ಗುಟ್ಟು ಕಾಯೋಕೇ, ಒಪ್ಪಿದೆ. ಆದರೆ ಮುಖ ಕಾಣದ ಕಡೆ ನಾಚಿಕೆಯೂ ಸಡಿಲ ಆಗುತ್ತೆ. ಪರಿಚಯ ಇರಬೇಕಾದ ಜಾಗದಲ್ಲಿ ನಾವು ಸಾಫ್ಟ್‌ವೇರ್ ನಿಲ್ಲಿಸಿದ್ದೇವೆ.

ಅಷ್ಟು ಸಾಕಾ? 2016ರಲ್ಲಿ ಎಫ್‌ಡಿಎ, ಬೆಂಗಳೂರಿನ ಸೆಮ್ಲರ್ ರಿಸರ್ಚ್ ಸೆಂಟರ್ ನಡೆಸಿದ ಅಧ್ಯಯನಗಳನ್ನ ಒಪ್ಪೋದಿಲ್ಲ ಅಂತ ಪ್ರಕಟಿಸಿತು. ಭಾಗವಹಿಸಿದವರ ಸ್ಯಾಂಪಲ್‌ಗಳನ್ನೇ ಅದಲುಬದಲು ಮಾಡಲಾಗಿದೆ ಅನ್ನೋದು ಅದು ಕೊಟ್ಟ ಕಾರಣ. ಸ್ಯಾಂಪಲ್ಲೇ ಬೇರೆಯಾದ ಮೇಲೆ, ಅದರಿಂದ ಬಂದ ಅಂಕಿಯನ್ನ ಸಾಫ್ಟ್‌ವೇರ್ ಎಷ್ಟು ನಿಷ್ಠೆಯಿಂದ ಕಾಯ್ದರೇನು? ತಿದ್ದಿದ್ದು ಅದಕ್ಕೆ ಕಾಣುತ್ತೆ, ಮೊದಲ ಸುಳ್ಳು ಕಾಣಲ್ಲ.

‘ಹಂಗಾದ್ರೆ ಪ್ರಾಮಾಣಿಕರಿಗೆ ಇದು ಬೇಕಿಲ್ಲ, ಕಳ್ಳರಿಗೆ ಇದು ತಾಗಲ್ಲ’ ಅಂತ ಗೆಳೆಯನೊಬ್ಬ ವಾದಿಸ್ತಾನೆ. ಆದರೆ ನಮ್ಮಲ್ಲಿ ಹೆಚ್ಚಿನವರು ಈ ಎರಡರ ನಡುವೆ ಇರೋರು. ಶುಕ್ರವಾರ ಸಂಜೆ ಸುಸ್ತಾಗಿ ಕೂತು, ಮಧ್ಯಾಹ್ನ ತಗೊಳ್ಳದ ಬಿಪಿಯನ್ನ ಅಂದಾಜಿಗೆ ತುಂಬಲೋ, ಖಾಲಿ ಬಿಡಲೋ ಅಂತ ಯೋಚಿಸೋ ಮಂದಿ. ಬರೆದದ್ದರ ಪಕ್ಕ ತನ್ನ ಹೆಸರು ಉಳಿಯುತ್ತೆ ಅಂತ ಗೊತ್ತಿದ್ದರೆ ಆತ ಒಂದು ಕ್ಷಣ ನಿಲ್ತಾನೆ. ಆ ಕ್ಷಣ ಕೊಡೋದಷ್ಟೇ ಸಾಫ್ಟ್‌ವೇರಿನ ಕೆಲಸ. ಅದರಲ್ಲಿ ಏನು ಆರಿಸ್ತಾನೆ ಅನ್ನೋದು ಆತನದೇ.

ಹಾಗಾಗಿ ಒಬ್ಬ ಗ್ರಾಹಕರು ‘ತಿದ್ದುಪಡಿಗೆ ಕಾರಣ’ ಅನ್ನೋ ಕಾಲಂನಲ್ಲಿ ಮೊದಲೇ ‘ಟೈಪಿಂಗ್ ತಪ್ಪು’ ಅಂತ ತುಂಬಿಡಿ, ಕ್ಲಿಕ್ ಉಳಿಯುತ್ತೆ ಅಂದಾಗ ನಾನು ಬೇಡ ಅಂತ ಪಟ್ಟು ಹಿಡಿದೆ. ಎರಡು ಸೆಕೆಂಡ್ ಉಳಿಯೋದು ಖರೇನೇ. ಆದರೆ ಮನುಷ್ಯ ತನ್ನನ್ನ ತಾನು ‘ಯಾಕೆ ಬದಲಿಸಿದೆ?’ ಅಂತ ಕೇಳಿಕೊಳ್ಳೋದೂ ಅದೇ ಎರಡು ಸೆಕೆಂಡಿನಲ್ಲಿ. ಅಥಣಿಯ ಮೆಡಿಕಲ್ ಶಾಪ್‌ನಲ್ಲಿ ಗುಳಿಗೆ ಕೊಳ್ಳೋ ಮುದುಕಿ ನಮ್ಮ ಡೇಟಾ ಯಾವತ್ತೂ ನೋಡಲ್ಲ. ನೋಡದೇನೇ ನಂಬಿ ನುಂಗ್ತಾಳೆ. ಆಕೆಯ ಪರವಾಗಿ ಆ ಕಾಲಂ ಖಾಲಿ ಇರಲಿ.