ಫಿರ್ಯಾದಿಯಿಲ್ಲದ ಸೇಡು

ಸೇಡು ಒಂದು ಜೀವಿಯ ಹುಟ್ಟುಗುಣವಾಗಿರಬಲ್ಲುದೇ, ಅಥವಾ ಅದು ಯಾವಾಗಲೂ ಹಿಂದೆ ನಡೆದ ಅನ್ಯಾಯವೊಂದರ ಫಲವೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆ. ಈ ಪ್ರಶ್ನೆಗೆ ತೀರ ಈಚಿನ ಉತ್ತರವೊಂದು ಅಮೆರಿಕದ ಪಾತ್ರಾಭಿನಯದ ಆಟದಲ್ಲಿ ದೊರೆಯುತ್ತದೆ. ಆಟಗಾರರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಒಬ್ಬ ನಿರೂಪಕನ ಕಥನವನ್ನೂ ದಾಳಗಳ ತೀರ್ಪನ್ನೂ ಅನುಸರಿಸಿ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ 1974ರಲ್ಲಿ ಪ್ರಕಟವಾಯಿತು. 1977ರಲ್ಲಿ ಬಂದ ಅದರ ದೈತ್ಯಕೋಶದಲ್ಲಿ ‘ಎರಿನಿಸ್’ ಎಂಬ ರೆಕ್ಕೆಯ ನರಕವಾಸಿನಿಗೆ ಸ್ಥಾನ ಸಿಕ್ಕಿತು. ಈ ಆಟ ಹೆಚ್ಚಿನ ಜೀವಿಗಳಿಗೆ ಒಂದೊಂದು ನೈತಿಕ ವರ್ಗವನ್ನು ನಿಗದಿಪಡಿಸುತ್ತದೆ, ಮತ್ತು ಎರಿನಿಸ್ ಸೇರಿರುವುದು ಕೇಡನ್ನೂ ಕಟ್ಟಳೆಗೆ ಒಳಪಟ್ಟೇ ಎಸಗುವ ‘ನಿಯಮಬದ್ಧ ದುಷ್ಟ’ ವರ್ಗಕ್ಕೆ. 2014ರ ಆವೃತ್ತಿಯ ಪ್ರಕಾರ ಅವಳು ಆಕಾಶದಿಂದೆರಗಿ ಕೊಲ್ಲುವುದು ತನ್ನ ಒಡೆಯರಿಗೆ ಅಪಚಾರ ಮಾಡಿದವರನ್ನು ಅಥವಾ ನರಕಾಧಿಪತಿ ಆಸ್ಮೋಡಿಯಸನ ಆಜ್ಞೆಯನ್ನು ಮೀರಿದವರನ್ನು; ಅಂದರೆ ಅವಳು ತೀರಿಸುವ ಸೇಡು ಅವಳದಲ್ಲ.

ಈ ಹೆಸರಿನ ಮೂಲವಾದ ಎರಿನಿಗಳು, ಎಂದರೆ ಗ್ರೀಕರ ಸೇಡಿನ ದೇವತೆಗಳು, ಹೀಗಿರಲಿಲ್ಲ. ಕ್ರಿ.ಪೂ. 458ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನಗೊಂಡ ಈಸ್ಕಿಲಸನ ನಾಟಕತ್ರಯದಲ್ಲಿ ಅವರು ಮಗನಿಂದಲೇ ಹತಳಾದ ತಾಯಿಯ ಪರವಾಗಿ ಆ ಮಗನ ಬೆನ್ನಟ್ಟುತ್ತಾರೆ. ವಿಚಾರಣೆಯಲ್ಲಿ ಮತಗಳು ಸಮವಾಗಿ ಅವನು ಬಿಡುಗಡೆ ಹೊಂದಿದಾಗ, ಕೆರಳಿದ ಅವರನ್ನು ಅಥೀನಾ ದೇವಿ ಶಿಕ್ಷಿಸದೆ, ನಗರದಲ್ಲಿಯೇ ಪೂಜಾಸ್ಥಾನವನ್ನು ಕೊಟ್ಟು ಒಲಿಸಿಕೊಳ್ಳುತ್ತಾಳೆ. ಅಲ್ಲಿ ಸೇಡಿನ ಹಿಂದೆ ಒಬ್ಬ ಫಿರ್ಯಾದಿಯಿದ್ದಾಳೆ, ಆದ್ದರಿಂದಲೇ ಅದಕ್ಕೆ ಒಂದು ಪರಿಹಾರವೂ ಇದೆ.

ಇದೇ ನ್ಯಾಯವನ್ನು ತುಳುನಾಡಿನ ಪಾಡ್ದನಗಳು, ಎಂದರೆ ದೈವಗಳ ಹುಟ್ಟು ಮತ್ತು ಸಂಚಾರಗಳನ್ನು ಹೇಳುವ ಮೌಖಿಕ ಕಥನಗೀತಗಳು, ಕಲ್ಕುಡ–ಕಲ್ಲುರ್ಟಿಯರ ಕಥೆಯಲ್ಲಿ ಇನ್ನೂ ಹರಿತವಾಗಿ ಮಂಡಿಸುತ್ತವೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನು ಅಂಥದೇ ಮೂರ್ತಿಯನ್ನು ಬೇರೆಡೆ ಮಾಡಬಾರದೆಂದು ಭೈರವರಸನು ಅವನ ಒಂದು ಕೈ, ಒಂದು ಕಾಲನ್ನು ಕಡಿಸಿದನೆಂದೂ, ಅವನು ಉಳಿದ ಅಂಗಗಳಿಂದಲೇ ವೇಣೂರಿನ ಮೂರ್ತಿಯನ್ನು ನಿಲ್ಲಿಸಿದನೆಂದೂ, ಬಳಿಕ ಅವನೂ ತಂಗಿ ಕಲ್ಲುರ್ಟಿಯೂ ಮಾಯಕ್ಕೆ ಸಂದು ದೈವಗಳಾಗಿ ಅರಸನನ್ನು ಕಾಡಿದರೆಂದೂ ಕಥೆ ಹೇಳುತ್ತದೆ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಆದರೆ ಪಾಡ್ದನಕ್ಕೆ ಬೇಕಾಗಿರುವುದು ಕಾಲಗಣನೆಯಲ್ಲ, ಅರಸನೇ ಅಪರಾಧಿಯಾದಾಗ ದೂರು ಕೇಳುವವರು ಯಾರೆಂಬ ಪ್ರಶ್ನೆ. ಭೂಮಿಯ ಮೇಲೆ ಕಟ್ಟೆಯೇರದ ಆ ದೂರನ್ನು ಜನರು ಕೋಲದಲ್ಲಿ, ಅಂದರೆ ದೈವವು ಪಾತ್ರಿಯ ಮೈದುಂಬಿ ಮಾತಾಡುವ ಆರಾಧನೆಯಲ್ಲಿ, ಮತ್ತೆ ಮತ್ತೆ ಆಲಿಸುತ್ತಾರೆ. ಅಲ್ಲಿ ಕಾಡುವ ಶಕ್ತಿಯೇ ಕಾಯುವ ಶಕ್ತಿಯಾಗುತ್ತದೆ.

ಹಾಗೆಂದು ಪ್ರತಿಯೊಂದು ಹಗೆಯ ಹಿಂದೆಯೂ ನಿಜವಾದ ನೋವು ಇರುತ್ತದೆಂದು ತೀರ್ಮಾನಿಸುವಂತಿಲ್ಲ ಎಂಬುದನ್ನು ಜೈನ ಪುರಾಣದ ಕಮಠನ ವೃತ್ತಾಂತ ತೋರಿಸುತ್ತದೆ. ತಮ್ಮನಾದ ಮರುಭೂತಿಯ ಹೆಂಡತಿಯ ವಿಷಯದಲ್ಲಿ ತಪ್ಪೆಸಗಿ ದೇಶಭ್ರಷ್ಟನಾದ ಕಮಠನು, ತನ್ನನ್ನು ಸಮಾಧಾನಪಡಿಸಲು ಬಂದ ಆ ತಮ್ಮನನ್ನೇ ಕಲ್ಲೆತ್ತಿ ಕೊಂದನು. ಮುಂದಿನ ಭವದಲ್ಲಿ ಮರುಭೂತಿ ಆನೆಯಾದರೆ ಕಮಠನು ಕೋಳಿ ಮತ್ತು ಹಾವಿನ ರೂಪಗಳು ಬೆರೆತ ಕುಕ್ಕುಟಸರ್ಪವಾಗಿ ಅದನ್ನು ಕಚ್ಚಿ ಕೊಂದನು. ಭವಭವಗಳನ್ನು ದಾಟಿ ಮರುಭೂತಿಯ ಜೀವ ಪಾರ್ಶ್ವನಾಥ ತೀರ್ಥಂಕರನಾದಾಗ, ಕಮಠನ ಜೀವವು ಶಂಬರನೆಂಬ ದೇವನಾಗಿ ಆಕಾಶಮಾರ್ಗದಿಂದ ಅವನ ಮೇಲೆ ಘೋರ ಮಳೆಯನ್ನು ಸುರಿಸಿತು. ನಾಗರಾಜ ಧರಣೇಂದ್ರನು ಹೆಡೆಗಳನ್ನು ಬಿಚ್ಚಿ ಕಾಪಾಡಿದ ಈ ಉಪಸರ್ಗ, ಎಂದರೆ ತಪಸ್ಸಿಗೆ ಒದಗಿದ ಉಪದ್ರವ, ಬಾದಾಮಿ, ಐಹೊಳೆ ಮತ್ತು ಹುಂಚದ ಶಿಲ್ಪಗಳಲ್ಲಿ ಕಾಣುತ್ತದೆ. ಇಲ್ಲಿ ತಪ್ಪು ಮಾಡಿದವನೇ ನೊಂದವನಂತೆ ಹಗೆ ಸಾಧಿಸುತ್ತಾನೆ. ಅದಕ್ಕೆ ಕೊಡಬಹುದಾದ ಪರಿಹಾರವೇನೂ ಇಲ್ಲದಿರುವುದರಿಂದ ಪಾರ್ಶ್ವನಾಥನ ಅಚಲತೆಯೊಂದೇ ಉತ್ತರವಾಗುತ್ತದೆ. ಆದರೂ ಒಂಬತ್ತನೆಯ ಶತಮಾನದ ಗುಣಭದ್ರನ ‘ಉತ್ತರಪುರಾಣ’ದ ಪರಂಪರೆ ಶಂಬರನಿಗೆ ಕೊನೆಯಲ್ಲಿ ಶಾಂತಿಯನ್ನೂ ಸಮ್ಯಕ್ತ್ವವನ್ನೂ, ಅಂದರೆ ಸರಿಯಾದ ಶ್ರದ್ಧೆಯನ್ನೂ, ದೊರಕಿಸಿಕೊಡುತ್ತದೆ, ಏಕೆಂದರೆ ಜೈನದೃಷ್ಟಿಯಲ್ಲಿ ಹಗೆ ಜೀವಕ್ಕೆ ಅಂಟಿದ ಕರ್ಮವೇ ಹೊರತು ಜೀವದ ಸ್ವಭಾವವಲ್ಲ.

ಸತ್ತವನು ದೈವವಾಗುವ ಇನ್ನೊಂದು ಬಗೆಯ ಐತಿಹ್ಯ ದಾಂಡೇಲಿಯಲ್ಲಿದೆ. ಊರಿಗೆ ಹೆಸರಿತ್ತನೆನ್ನಲಾಗುವ ದಾಂಡೇಲಪ್ಪನು ಮಿರಾಶಿ ಜಮೀನ್ದಾರರ ಸೇವಕನಾಗಿದ್ದು, ಸ್ವಾಮಿನಿಷ್ಠೆಗಾಗಿ ಪ್ರಾಣ ತೆತ್ತು ದೈವತ್ವಕ್ಕೇರಿದನು. ಐತಿಹ್ಯದ ಈ ರೂಪದಲ್ಲಿ ಸೇಡಿನ ಮಾತಿಲ್ಲ. ಸತ್ತವನ ಋಣವನ್ನು ಒಪ್ಪಿಕೊಳ್ಳಲು ಜನ ಅವನ ಕಾಟಕ್ಕಾಗಿ ಕಾಯಬೇಕಾಗಿಲ್ಲವೆಂಬ ಸೂಚನೆ ಇದರಲ್ಲಿದೆ. ಜೊತೆಗೆ, ಆಳಿನ ನಿಷ್ಠೆಯನ್ನು ಹೊಗಳುವ ಕಥೆ ಒಡೆಯನ ಹೊಣೆಯನ್ನು ಮರೆಸುವುದಿಲ್ಲವೇ ಎಂಬ ಸಂದೇಹಕ್ಕೂ ಇಲ್ಲಿ ಎಡೆಯಿದೆ, ಮತ್ತು ಕಲ್ಲುರ್ಟಿಯ ಕೋಪದ ನೈತಿಕ ಬೆಲೆ ತಿಳಿಯುವುದು ಆ ಸಂದೇಹದ ಬೆಳಕಿನಲ್ಲಿಯೇ.

ಹೀಗಿರುವಾಗ ಆಟದ ಎರಿನಿಸಳಲ್ಲಿ ಭಯಂಕರವಾದುದು ಅವಳ ರೆಕ್ಕೆಯೂ ಅಲ್ಲ, ಕತ್ತಿಯೂ ಅಲ್ಲ. ಕಲ್ಲುರ್ಟಿಗೆ ನ್ಯಾಯ ಸಲ್ಲಿಸಬಹುದು, ಶಂಬರನು ಬದಲಾಗುವವರೆಗೆ ಸಹಿಸಬಹುದು. ಸ್ವಂತ ನೋವಿಲ್ಲದೆ ಅಪ್ಪಣೆಯ ಮೇರೆಗೆ ಮುಯ್ಯಿ ತೀರಿಸುವವಳೊಡನೆ ಮಾತಾಡಲು ವಿಷಯವೇ ಇರುವುದಿಲ್ಲ. ಅವಳನ್ನು ಕೊಲ್ಲುವುದಷ್ಟೇ ಆಟಗಾರನಿಗೆ ಉಳಿಯುವ ದಾರಿ, ಆದರೆ ಅವಳನ್ನು ಕಳಿಸಿದ ಒಡೆಯ ಆ ಕಾಳಗದಲ್ಲಿ ಗಾಯಗೊಳ್ಳುವುದಿಲ್ಲ. ಆದ್ದರಿಂದ ಸೇಡಿನ ಎದುರು ಧರ್ಮ ಕೇಳಬೇಕಾದ ಮೊದಲ ಪ್ರಶ್ನೆ ಅದು ಒಳ್ಳೆಯದೋ ಕೆಟ್ಟದೋ ಎಂಬುದಲ್ಲ, ಅದು ಯಾರ ನೋವಿನಿಂದ ಹೊರಟಿತು ಎಂಬುದು.