ನಡಿಗೆಯೆಂಬ ವ್ರತ

ಉಪವಾಸವು ವ್ರತವೆಂಬುದನ್ನು ಎಲ್ಲರೂ ಬಲ್ಲರು. ನಡಿಗೆಯೂ ವ್ರತವಾಗಬಲ್ಲುದೆಂಬುದು ಅಷ್ಟಾಗಿ ಚಿಂತನೆಗೆ ಬಂದಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣವು ವಾಹನದಲ್ಲಿ ಕುಳಿತವನಿಗೆ ಸುಮಾರು ಒಂದು ಗಂಟೆಯ ದಾರಿ. ಬರಿಗಾಲಿನ ಮುನಿಗೆ ಎರಡು ದಿನಗಳ ವಿಹಾರ. ಸೇರುವ ಊರು ಇಬ್ಬರಿಗೂ ಒಂದೇ. ಹಾಗಾದರೆ ನಡೆದವನಿಗೆ ದೊರೆಯುವ ಫಲವಾವುದು? ಊರನ್ನು ಸೇರದೆ ನಡುದಾರಿಯಲ್ಲಿಯೇ ದೇಹ ಬಿಟ್ಟವನ ನಡಿಗೆಯು ನಿಷ್ಫಲವೆ?

ಟಿಬೆಟಿನ ಸ್ವಾತಂತ್ರ್ಯಕ್ಕಾಗಿ ನಡೆದ ಜಿಗ್ಮೆ ನೋರ್ಬು ಅವರ ಜೀವನವು ಈ ಪ್ರಶ್ನೆಯನ್ನು ಎದುರಿಗಿಡುತ್ತದೆ. ಅವರು ಹದಿನಾಲ್ಕನೆಯ ದಲೈಲಾಮಾ ಅವರ ಹಿರಿಯ ಸಹೋದರರಾದ ತಕ್ತ್ಸೆರ್ ರಿಂಪೋಚೆಯವರ ಪುತ್ರರು. ಅಮೆರಿಕದ ಇಂಡಿಯಾನಾದಲ್ಲಿ ನೆಲೆಸಿದವರು. 1995ರಿಂದ ತಂದೆಯವರು ಕೈಗೊಂಡ ಪಾದಯಾತ್ರೆಗಳ ಮಾರ್ಗವನ್ನೇ ಮಗನೂ ಹಿಡಿದರು. 2009ರಲ್ಲಿ ಇಂಡಿಯಾನಾದಿಂದ ನ್ಯೂಯಾರ್ಕಿನವರೆಗೆ ಸುಮಾರು 900 ಮೈಲಿ ನಡೆದರು. 2011ರ ಫೆಬ್ರವರಿ 14ರಂದು, ಫ್ಲಾರಿಡಾದಲ್ಲಿ 300 ಮೈಲಿಗಳ ಯಾತ್ರೆಯಲ್ಲಿದ್ದಾಗ, ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ವಾಹನವೊಂದು ಬಡಿದು ಮೃತರಾದರು. ಆಗ ಅವರ ವಯಸ್ಸು 45.

ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳನ್ನು ಕೀಳದೆ ವ್ರತವು ನೆಲೆಗೊಳ್ಳದೆಂಬುದು ಆಗಮಸಮ್ಮತ. ನಿದಾನವೆಂದರೆ ಆಚರಣೆಗೆ ಪ್ರತಿಯಾಗಿ ಭೋಗವನ್ನು ಬಯಸುವುದು. ನಾಡಿನ ಬಿಡುಗಡೆಯನ್ನು ಬಯಸಿ ನಡೆಯುವುದೂ ನಿದಾನವಲ್ಲವೆ ಎಂದು ಆಕ್ಷೇಪಿಸಬಹುದು. ಆದರೆ ಅಲ್ಲಿನ ಬಯಕೆ ತನ್ನ ಸುಖದ್ದಲ್ಲ, ಪರರ ದುಃಖನಿವೃತ್ತಿಯದು. ಅದರ ಹೆಸರು ಅನುಕಂಪೆ. ಇದಲ್ಲದೆ, ನಡೆಯುವವನು ಯಾರನ್ನೂ ನಿರ್ಬಂಧಿಸುವುದಿಲ್ಲ. ದಣಿವನ್ನು ತನ್ನ ದೇಹಕ್ಕೆ ಮಾತ್ರ ವಿಧಿಸಿಕೊಳ್ಳುತ್ತಾನೆ. ಟಿಬೆಟ್ ಇಂದಿಗೂ ಸ್ವತಂತ್ರವಾಗಿಲ್ಲ. ಆದರೂ ಒಂದೊಂದು ಹೆಜ್ಜೆಯಲ್ಲಿಯೂ ದ್ವೇಷವನ್ನು ದೂರವಿರಿಸಿದ ನಡಿಗೆಯು ಆಯಾ ಹೆಜ್ಜೆಯಲ್ಲಿಯೇ ಪೂರ್ಣವಾಗಿರುತ್ತದೆ. ಊರು ತಲುಪುವವರೆಗೆ ಅದು ಕಾಯಬೇಕಿಲ್ಲ.

ನೆಲೆ ತಪ್ಪಿದವರ ನಡಿಗೆಯು ಕಲ್ಯಾಣಕ್ಕೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಕ್ಷೋಭೆಯಲ್ಲಿ ಶರಣರು ಈ ಪಟ್ಟಣವನ್ನು ತೊರೆದು ಉಳವಿಯತ್ತ ನಡೆದರೆಂದು ಪರಂಪರೆ ಸ್ಮರಿಸುತ್ತದೆ. ಉಳವಿಯಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ, ಮುಂಡಗೋಡದಲ್ಲಿ, 1966ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ದೊರೆಯಿತು. ಆಶ್ರಯವಿತ್ತ ನಾಡಿಗೆ ಅವರ ನಡಿಗೆಯ ಸ್ಮರಣೆಯೂ ಸಲ್ಲುವ ಕರ್ತವ್ಯವೇ.

ಇನ್ನು ಆ ಮರಣದಿಂದ ಕಲಿಯಬೇಕಾದುದೊಂದಿದೆ. ಮುನಿಗಳಿಗೆ ರಾತ್ರಿಯ ವಿಹಾರವು ನಿಷಿದ್ಧ. ಹಗಲಿನಲ್ಲಿಯೂ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಯೇ ಕಾಲಿಡಬೇಕೆಂಬುದು ಈರ್ಯಾಸಮಿತಿ. ಕಾಲಡಿಯ ಕ್ಷುದ್ರಜೀವಿಗೂ ನೋವಾಗಬಾರದೆಂಬುದೇ ಅದರ ಉದ್ದೇಶ. ಆದರೆ ಭಾರತದ ಹೆದ್ದಾರಿಗಳಲ್ಲಿಯೂ ವಿಹಾರನಿರತ ಸಾಧು-ಸಾಧ್ವಿಯರು ವಾಹನಗಳಿಗೆ ಸಿಲುಕಿ ಪ್ರಾಣ ಕಳೆದುಕೊಂಡಿದ್ದಾರೆ. ಇರುವೆಯನ್ನು ಕಂಡು ಕಾಲೆತ್ತಿಡುವವನನ್ನು ವೇಗವು ಕಾಣದೆ ಹೋಗುತ್ತದೆ. ಗಾಲಿಯ ಮೇಲೆ ಸಾಗುವ ಶ್ರಾವಕನಿಗೂ ಒಂದು ಈರ್ಯಾಸಮಿತಿ ಬೇಡವೆ? ಹುಮನಾಬಾದಿನ ಹೆದ್ದಾರಿಯಲ್ಲಿ ಪಾದಚಾರಿಯನ್ನು ಕಂಡೊಡನೆ ವೇಗವನ್ನು ತಗ್ಗಿಸುವುದು, ವಿಹಾರದ ಮುನಿಯೊಡನೆ ನಾಲ್ಕು ಹೆಜ್ಜೆ ನಡೆದು ಕಾವಲಾಗುವುದು ಗೃಹಸ್ಥನು ಇಂದೇ ಕೈಗೊಳ್ಳಬಹುದಾದ ನಿಯಮ. ನಡೆದು ಮಡಿದವರ ಸ್ಮರಣೆಯು ಇಂತಹ ನಿಯಮದಲ್ಲಿ ಉಳಿಯಲಿ.